ನನ್ನ ಬೆನ್ನ ಮೇಲಿನ ಎರಡು ಗೆಣ್ಣು

ಕಳೆದ ತಿಂಗಳು ಗಂಟಲು ಕಟ್ಟಿಕೊಂಡಿತ್ತು. ಹಲಸೂರಿನ ಬಜಾರ್ ಬೀದಿಯಲ್ಲಿರುವ ಗ್ರಂಥಿಗೆ ಅಂಗಡಿಗೆ ಹೋಗಿ, ಕಷಾಯಕ್ಕೆ ಏನಾದರೂ ಕೊಡಿ ಎಂದೆ. ಅಂಗಡಿಯಾತ ಹಿಪ್ಪಲಿ, ಒಣಶುಂಠಿ, ಮೆಣಸು ಎಲ್ಲ ಕಟ್ಟಿ ಕೊನೆಗೆ ಮೇಲಿನ ಹಲಗೆಯಿಂದ ಒಂದು ತಗಡಿನ ಡಬ್ಬಿ ಇಳಿಸಿ ಮುಚ್ಚಳ ತೆಗೆದ. ಅತಿಮಧುರದ ಬೇರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಬೆನ್ನು ತನ್ನಷ್ಟಕ್ಕೆ ನೆಟ್ಟಗಾಯಿತು. ಯಾರೋ ಹಿಂದಿನಿಂದ ಮುಟ್ಟುತ್ತಾರೆ ಎಂದು ಕಾಯುವವನ ಹಾಗೆ ನಿಂತುಬಿಟ್ಟಿದ್ದೆ. ಅಂಗಡಿಯಾತ ಎರಡು ಮೂರು ಸಲ "ಸಾರ್" ಎಂದು ಕರೆದನೆಂದು ಕಾಣುತ್ತದೆ.

ಹಿಂದೆ ಯಾರೂ ಇರಲಿಲ್ಲ. ಇರಬೇಕಾದವರು ತೀರಿಕೊಂಡು ವರ್ಷಗಳಾಗಿವೆ.

ನಾವೆಲ್ಲ ಅವರನ್ನು ಟ್ರಂಕ್ ಅಂಕಲ್ ಎನ್ನುತ್ತಿದ್ದೆವು. ಶಿವಾಜಿನಗರದಲ್ಲಿ ಅವರದೊಂದು ತಗಡಿನ ಟ್ರಂಕು ಮಾಡುವ ಅಂಗಡಿ ಇತ್ತು. ಅಂಗಡಿ ಎಂದರೆ ಎಂಟಡಿ ಅಗಲದ ಒಂದು ಗೂಡು. ಮಾಲೆಲ್ಲ ಹೊರಗೆ ಫುಟ್‌ಪಾತಿನ ಮೇಲೆ ಒಂದರ ಮೇಲೊಂದು ಏರಿರುತ್ತಿತ್ತು. ಕಪ್ಪು, ಹಸಿರು, ಮಿಲಿಟರಿಯವರಿಗೆ ಬೇಕಾದ ಮಂಕು ಬಣ್ಣ. ಹಾಸ್ಟೆಲಿಗೆ ಹೊರಟ ಮಕ್ಕಳು, ವರ್ಗವಾದ ಸಿಪಾಯಿಗಳು, ಕೊಲ್ಲಿ ದೇಶಕ್ಕೆ ಹೊರಟವರು ಎಲ್ಲರೂ ಒಂದು ಕಾಲದಲ್ಲಿ ಅವರಿಂದಲೇ ಪೆಟ್ಟಿಗೆ ಒಯ್ದಿದ್ದರಂತೆ. ನಾನು ನೋಡುವ ಹೊತ್ತಿಗೆ ಗಾಲಿ ಸೂಟ್‌ಕೇಸುಗಳ ಕಾಲ. ಟ್ರಂಕು ಕೊಳ್ಳುವವರು ಅದನ್ನು ಮಂಚದ ಕೆಳಗೆ ತಳ್ಳುವುದಕ್ಕಷ್ಟೇ ಕೊಳ್ಳುತ್ತಿದ್ದರು.

ಭಾನುವಾರ ಸಂಜೆ ಮಾತ್ರ ಅವರು ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು, ಹಲಸೂರಿನ ಒಂದು ಹಳೆಯ ಹಾಲಿಗೆ ಹಾಡಲು ಬರುತ್ತಿದ್ದರು. ಅಲ್ಲಿ ನಮ್ಮದೊಂದು ಕ್ವಯರ್ ಇತ್ತು. ಹೆಸರಿಗೆ ಗಾಯಕವೃಂದ, ಸೇರುತ್ತಿದ್ದವರು ನರ್ಸು, ಬ್ಯಾಂಕಿನವರು, ಕೇಕು ಮಾಡಿ ಮಾರುವ ಹೆಂಗಸು, ನಿವೃತ್ತ ಲೆಕ್ಚರರು... ಸಂಗೀತದಿಂದ ಹೊಟ್ಟೆ ಹೊರೆಯುವವರು ಒಬ್ಬರೂ ಇರಲಿಲ್ಲ. ತಮಿಳು, ಕನ್ನಡ, ಕೊಂಕಣಿ, ಇಂಗ್ಲಿಷು, ಯಾವ ಹಾಡು ಸಿಕ್ಕರೂ ಅದನ್ನು ನಾಲ್ಕು ದನಿಗೆ ಒಡೆದು ಹಾಡುತ್ತಿದ್ದೆವು. ಒಡೆದು ಕೊಡುತ್ತಿದ್ದವರು ನಮ್ಮ ಮಿಸ್. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅವರು ನಮ್ಮನ್ನೂ ಏಳನೇ ಕ್ಲಾಸಿನವರ ಹಾಗೆಯೇ ನೋಡಿಕೊಳ್ಳುತ್ತಿದ್ದರು.

ಮಿಸ್‌ದೊಂದು ಪದ್ಧತಿ ಇತ್ತು. ಕೀಬೋರ್ಡಿನ ಪಕ್ಕ ಒಂದು ಮಡಿಸುವ ಕುರ್ಚಿ. ನೆಗಡಿಯಾದವರು, ಪಾಠ ಮಾಡಿಕೊಳ್ಳದೆ ಬಂದವರು, ಶ್ರುತಿ ಹಿಡಿಯಲಾಗದವರು ಅವತ್ತು ಆ ಕುರ್ಚಿಯಲ್ಲಿ ಕೂತು ಬಾಯಿ ಮುಚ್ಚಿಕೊಂಡು ಕೇಳಬೇಕು. ಬೈಗುಳವಿಲ್ಲ, ಏನಿಲ್ಲ. "ಕುರ್ಚಿ" ಎಂದು ಬೆರಳು ತೋರಿಸಿದರೆ ಮುಗಿಯಿತು. ಐವತ್ತು ದಾಟಿದವರು ಕೂಡ ಆ ಕುರ್ಚಿಗೆ ಹೆದರುತ್ತಿದ್ದರು. ಹೆದರಿಕೆಗಿಂತ ನಾಚಿಕೆ ಎನ್ನಬೇಕು. ಎಲ್ಲರೂ ನಿಂತು ಹಾಡುವಾಗ ಒಬ್ಬರೇ ಎದುರಿಗೆ ಕೂರುವುದು ಸುಲಭವಲ್ಲ.

ನಾನು ರಾಣೆಬೆನ್ನೂರಿನವನು. ಇಂದಿರಾನಗರದ ಒಂದು ಆಫೀಸಿನಲ್ಲಿ ಕೆಲಸ, ಹೊಸ ತಿಪ್ಪಸಂದ್ರದಲ್ಲಿ ಬಾಡಿಗೆ ರೂಮು. ಭಾನುವಾರ ಕಳೆಯುವುದು ಹೇಗೆಂದು ತಿಳಿಯದೆ ಸಹೋದ್ಯೋಗಿಯೊಬ್ಬರ ಹಿಂದೆ ಹೋದವನನ್ನು ಮಿಸ್ ಒಂದು ಸಲ "ಆ" ಅನ್ನಿಸಿ, ತೀರ ಕೆಳದನಿಯವರ ಸಾಲಿಗೆ, ಅಂದರೆ ಬೇಸ್‌ಗೆ, ತಳ್ಳಿದರು. ಅಲ್ಲಿ ಇದ್ದವರು ಮೂವರು. ಮೂವರಲ್ಲಿ ಟ್ರಂಕ್ ಅಂಕಲ್ಲೇ ಹಿರಿಯರು. ಮೂವತ್ತು ವರ್ಷದಿಂದ ಅದೇ ಸಾಲಿನಲ್ಲಿ ನಿಂತವರು. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ತಂಬಿ, ನೀನು ಮುಂದೆ ನಿಲ್ಲು. ನಾನು ಹಿಂದೆ ಇರ್ತೀನಿ" ಎಂದರು. ಜೇಬಿನಿಂದ ಅತಿಮಧುರದ ಒಂದು ಕಡ್ಡಿ ಮುರಿದು ಅರ್ಧ ನನಗೆ ಕೊಟ್ಟು ಅರ್ಧ ತಮ್ಮ ಬಾಯಿಗೆ ಹಾಕಿಕೊಂಡರು.

ಹಾಡು ಶುರುವಾದಾಗ ನನ್ನ ಬೆನ್ನಿಗೆ, ಎರಡು ಭುಜಗಳ ನಡುವೆ, ಏನೋ ಒತ್ತಿತು. ಅವರ ಬಲಗೈಯ ಎರಡು ಗೆಣ್ಣುಗಳು. ಹಾಡು ಮುಗಿಯುವ ತನಕ ಅಲ್ಲೇ ಇದ್ದವು. ಹೊಸಬನಿಗೆ ಧೈರ್ಯ ಕೊಡುವ ರೀತಿ ಇದು ಎಂದುಕೊಂಡೆ. ಹಳಬನಾದ ಮೇಲೂ ಆ ಗೆಣ್ಣು ಅಲ್ಲೇ ಇತ್ತು. ಆಗ ಇದು ಪ್ರೀತಿ ಎಂದುಕೊಂಡೆ. ಎರಡು ವರ್ಷ ಹಾಗೇ ತಿಳಿದಿದ್ದೆ. ಅವರು ಮಾತು ಕಡಿಮೆ, ಫೋನು ಎತ್ತುತ್ತಿರಲಿಲ್ಲ, ಏನು ಕೇಳಿದರೂ "ಸರಿ ಸರಿ" ಎನ್ನುತ್ತಿದ್ದರು. ಸ್ವಭಾವ ಹಾಗೆ ಎಂದು ಬಿಟ್ಟಿದ್ದೆ. ನಮಗೆ ಅನುಕೂಲವಾದ ಅರ್ಥವನ್ನು ನಾವು ಎಷ್ಟು ಬೇಗ ಒಪ್ಪಿಕೊಳ್ಳುತ್ತೇವೆ ಎಂದು ಈಗ ಅನ್ನಿಸುತ್ತದೆ.

ಆ ವರ್ಷ ಮಿಸ್ ಎಲ್ಲಿಗೋ ಒಂದು ರೆಕಾರ್ಡಿಂಗ್ ಕಳಿಸಿದ್ದರು. ಪೋಲೆಂಡಿನ ಒಂದು ಸಣ್ಣ ಊರಿನಲ್ಲಿ ಹವ್ಯಾಸಿ ಕ್ವಯರುಗಳು ಸೇರುತ್ತವೆಂದೂ ನಮ್ಮನ್ನೂ ಕರೆದಿದ್ದಾರೆಂದೂ ಒಂದು ಭಾನುವಾರ ಹೇಳಿದರು. ಮೈಸೂರು, ಕೋಲಾರ ಬಿಟ್ಟು ಆಚೆ ಹೋಗದಿದ್ದ ನಮಗೆ ಮೊದಲು ನಗು ಬಂತು. ಟ್ರಂಕ್ ಅಂಕಲ್ ನಗಲಿಲ್ಲ. ಪಕ್ಕದವರ ಮುಖ ನೋಡಿ, ಅವರಿಂದ ಇನ್ನೊಮ್ಮೆ ಹೇಳಿಸಿಕೊಂಡು, "ಎಷ್ಟು ಜನಕ್ಕೆ ಪೆಟ್ಟಿಗೆ ಮಾಡ್ಕೊಟ್ಟಿದ್ದೀನಿ ಮಿಸ್. ಒಂದ್ಸಲ ನಾನೂ ಹೋಗ್ಬೇಕು" ಎಂದರು. ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಿಸ್ ಎಲ್ಲರಿಗೂ ಅಂದೇ ಎಚ್ಚರಿಸಿದರು: ಅಲ್ಲೂ ಕುರ್ಚಿ ಇರುತ್ತದೆ, ಶ್ರುತಿ ತಪ್ಪಿದವರು ಅಲ್ಲೂ ಕೂರಬೇಕಾಗುತ್ತದೆ.

ವೀಸಾದ ದಿನ ಬೆರಳಚ್ಚು ತೆಗೆಯುವ ಯಂತ್ರ ಅಂಕಲ್ ಬೆರಳನ್ನು ಒಪ್ಪಲಿಲ್ಲ. ನಲವತ್ತು ವರ್ಷ ತಗಡಿನ ಅಂಚು ಮಡಿಸಿ, ಅರ ಹಾಕಿ, ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋಗಿದ್ದವು. ಯಂತ್ರದ ಹಿಂದೆ ಕೂತಿದ್ದ ಹುಡುಗಿ ಒರೆಸಿ ಒತ್ತಿಸಿದಳು, ಒದ್ದೆ ಬಟ್ಟೆ ಕೊಟ್ಟು ಒತ್ತಿಸಿದಳು. ನಾಲ್ಕನೆಯ ಸಲ ಹೇಗೋ ಆಯಿತು. ಹೊರಗೆ ಬಂದು ಅವರು ಕೈಯನ್ನು ಹಿಂದೆ ಮುಂದೆ ತಿರುಗಿಸಿ ತೋರಿಸಿದರು. "ತುದಿ ಸತ್ತೋಗಿದೆ ತಂಬಿ. ಗೆಣ್ಣು ಮಾತ್ರ ಜೀವಂತ ಇದೆ." ತಮಾಷೆ ಎಂದು ನಾನು ನಕ್ಕೆ.

ಹೊರಡುವಾಗ ತಮ್ಮದೇ ಒಂದು ಹಸಿರು ಟ್ರಂಕು ಒಯ್ಯುತ್ತೇನೆ ಎಂದು ಅವರ ಹಟ. ಖಾಲಿ ಪೆಟ್ಟಿಗೆಯೇ ಒಂಬತ್ತು ಕಿಲೋ. ಮಿಸ್ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಕೊನೆಗೆ ಅಂಕಲ್ ತಮ್ಮ ಅಳಿಯನ ಗಾಲಿ ಸೂಟ್‌ಕೇಸು ಇಸಿದುಕೊಂಡು ಬಂದರು. ವಿಮಾನ ನಿಲ್ದಾಣದ ಉದ್ದಕ್ಕೂ ಅದರ ಪ್ಲಾಸ್ಟಿಕ್ಕನ್ನು ಗೆಣ್ಣಿನಿಂದ ತಟ್ಟಿ ತಟ್ಟಿ ಮುಖ ಕಿವುಚುತ್ತಿದ್ದರು. ಉಳಿದವರ ಪೆಟ್ಟಿಗೆಗಳಲ್ಲಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಎರಡು ಎಲೆಕ್ಟ್ರಿಕ್ ಕುಕ್ಕರು. ಅವರದರಲ್ಲಿ ಎರಡು ಶರಟು, ಒಂದು ಪ್ಯಾಂಟು, ಒಂದು ಪೊಟ್ಟಣ ಅತಿಮಧುರ.

ಅಲ್ಲಿ ಹಾಡಲು ನಾವು ಆರಿಸಿದ್ದು ರಾಗಿ ಬೀಸುವ ಪದ. ಕೆ.ಆರ್. ಪುರದ ಕಡೆಯ ಹಳೆಯ ಒಕ್ಕಲು ಮನೆಯಿಂದ ಬರುತ್ತಿದ್ದ ಸದಸ್ಯೆಯೊಬ್ಬರ ಅಜ್ಜಿ ಹಾಡುತ್ತಿದ್ದ ಧಾಟಿ. ಹೆಂಗಸರು ಪದ ಹಾಡುತ್ತಾರೆ. ನಡುದನಿಯ ಗಂಡಸರು ಮಧ್ಯೆ ಸೊಲ್ಲು ಸೇರಿಸುತ್ತಾರೆ. ಬೇಸಿನ ನಾವು ನಾಲ್ವರು ಬೀಸುವ ಕಲ್ಲು. ನಾಲ್ಕು ನಿಮಿಷ ಒಂದೇ ಸ್ವರ. ಮಾತಿಲ್ಲ, ಬಾಯಿ ಅರ್ಧ ತೆರೆದು ಬರೀ "ಹೂಂ". ಮೊದಲು ಶುರುವಾಗುವುದೇ ನಾವು. ಕಲ್ಲು ನಿಲ್ಲಬಾರದಾದ್ದರಿಂದ ಉಸಿರನ್ನು ಸರದಿಯ ಮೇಲೆ ತೆಗೆದುಕೊಳ್ಳಬೇಕಿತ್ತು. ನಾನು ಉಸಿರೆಳೆದಾಗ ಅಂಕಲ್ ಹಿಡಿದಿರುತ್ತಿದ್ದರು, ಅವರು ಎಳೆಯುವಾಗ ನಾನು. ಹೇಳಿಕೊಳ್ಳದೆಯೇ ನಮ್ಮಿಬ್ಬರಿಗೆ ಅದು ಸರಿಹೋಗಿತ್ತು. ಅವರ ದನಿ ನನ್ನ ನೆತ್ತಿಯ ಮೇಲೆ ಬಂದು ಕೂರುತ್ತಿತ್ತು. ಹಾಡುವುದೆಂದರೆ ಇಷ್ಟು ಸುಖವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಪೋಲೆಂಡಿನ ಬಗ್ಗೆ ಹೆಚ್ಚು ಹೇಳಲಾರೆ. ಕಲ್ಲು ಹಾಸಿದ ಚೌಕ, ಸಾಲು ಮನೆಗಳು, ಮೇ ತಿಂಗಳಲ್ಲೂ ಚಳಿ. ಹೋದ ಮರುದಿನ ಒಂದು ಶಾಲೆಯಲ್ಲಿ ಮಕ್ಕಳೆದುರು ಹಾಡಿದೆವು. ಚೆನ್ನಾಯಿತು. ಖುಷಿಯಲ್ಲಿ ಎಲ್ಲರೂ ಚೌಕದಲ್ಲಿ ಐಸ್‌ಕ್ರೀಮು ಕೊಂಡರು. ಅಂಕಲ್ ನನ್ನ ಕೈ ಹಿಡಿದು, "ಬೇಡ ತಂಬಿ, ನಾಳೆ ಹಾಡ್ಬೇಕು" ಎಂದರು. ತಣ್ಣಗಿನದು ತಿಂದರೆ ಗಂಟಲು ಕೆಡುತ್ತದೆಂದು ನಮ್ಮ ಕಡೆ ಮಗುವಿಗೂ ಗೊತ್ತು. ಅಷ್ಟು ದೂರ ಬಂದ ಮೇಲೆ ನಿಯಮವೂ ಬದಲಾಗಿರುತ್ತದೆ ಎಂದು ನಾನು ಅಂದುಕೊಂಡೆನೋ ಏನೋ... ಎರಡು ತಿಂದೆ.

ಬೆಳಿಗ್ಗೆ ಎದ್ದರೆ ದನಿಯೇ ಇಲ್ಲ. ಪಿಸುಮಾತು ಬಿಟ್ಟು ಏನೂ ಹೊರಡುತ್ತಿರಲಿಲ್ಲ. ಹೇಳಿದರೆ ಕುರ್ಚಿ ಖಚಿತ. ರಜೆಗಾಗಿ ಆಫೀಸಿನಲ್ಲಿ ಜಗಳವಾಡಿ ಬಂದಿದ್ದೆ. ರಾಣೆಬೆನ್ನೂರಿನಲ್ಲಿ ನಮ್ಮವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಬೇಸಿನಲ್ಲಿ ನಾಲ್ವರಿದ್ದೇವೆ, ಒಬ್ಬ ಬರೀ ಬಾಯಾಡಿಸಿದರೆ ಯಾರಿಗೆ ತಿಳಿಯುತ್ತದೆ ಎಂದು ಲೆಕ್ಕ ಹಾಕಿದೆ. ತಿಂಡಿಯ ಹೊತ್ತಿಗೆ ಅಂಕಲ್ ಎಂದಿನಂತೆ ಕಡ್ಡಿ ಮುರಿದು ಕೊಟ್ಟರು, ನಾನು ತಲೆಯಾಡಿಸಿ ಬಾಯಿಗೆ ಹಾಕಿಕೊಂಡೆ. ನನ್ನ ದನಿ ಹೋಗಿದ್ದು ಅವರ ಗಮನಕ್ಕೆ ಬರಲಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡೆ.

ಮಧ್ಯಾಹ್ನ ಒಂದು ಹಳೆಯ ಚರ್ಚಿನೊಳಗೆ ಕಾರ್ಯಕ್ರಮ. ಒಂದೊಂದು ತಂಡಕ್ಕೆ ಒಂದೇ ಹಾಡು. ಮರದ ಮೆಟ್ಟಿಲುಗಳ ಮೇಲೆ ನಿಂತೆವು: ನಾನು ಕೆಳಗಿನದರಲ್ಲಿ, ಅಂಕಲ್ ಮೇಲಿನದರಲ್ಲಿ, ಬೇಸಿನ ಉಳಿದಿಬ್ಬರು ಆ ತುದಿಗೆ. ಅಂಕಲ್ ಬಿಳಿ ಶರಟಿನ ಕೊರಳ ಗುಂಡಿಯನ್ನೂ ಹಾಕಿಕೊಂಡಿದ್ದರು. ಗೆಣ್ಣುಗಳು ಬಂದು ಬೆನ್ನಿನ ಮೇಲೆ ಕೂತವು. ಮಿಸ್ ಸ್ವರ ಕೊಟ್ಟು ಕೈ ಎತ್ತಿದರು. ನಾನು ಬಾಯಿ ಅರ್ಧ ತೆರೆದೆ. ತುಂಬ ಚೆನ್ನಾಗಿ ತೆರೆದೆ, ಹುಬ್ಬನ್ನೂ ಸ್ವಲ್ಪ ಏರಿಸಿದೆ.

ಆ ತುದಿಯಿಂದ ಇಬ್ಬರ "ಹೂಂ" ಹೊರಟಿತು. ನನ್ನ ನೆತ್ತಿಯ ಮೇಲೆ ಏನೂ ಬರಲಿಲ್ಲ. ಗೆಣ್ಣು ಒಮ್ಮೆ ಒತ್ತಿತು. ಉತ್ಸಾಹ ತುಂಬುತ್ತಿದ್ದಾರೆ ಎಂದುಕೊಂಡು ಬಾಯಿ ಇನ್ನಷ್ಟು ಅಗಲಿಸಿದೆ. ಮತ್ತೆ ಒತ್ತಿತು, ಈ ಸಲ ನೋಯುವಷ್ಟು. ಮೂರನೆಯ ಸಲ ಮೆಲ್ಲಗೆ ಒತ್ತಿತು, ಬಾಗಿಲು ತಟ್ಟಿದ ಹಾಗೆ. ಆಮೇಲೆ ಕೈ ಹೊರಟುಹೋಯಿತು.

ನಾಲ್ಕು ನಿಮಿಷವೂ ಅವರು ಹಾಡಲಿಲ್ಲ. ಕಲ್ಲಿನ ಸದ್ದು ಅರ್ಧಕ್ಕಿಳಿದು ಹೆಂಗಸರ ಪದ ಒಂದೆರಡು ಕಡೆ ಜಾರಿತು. ಮಿಸ್ ಕಣ್ಣು ನಮ್ಮ ಕಡೆಗೇ ಇತ್ತು. ಕೇಳುವವರಿಗೆ ಏನೂ ಗೊತ್ತಾಗಲಿಲ್ಲ, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೊರಗೆ ಬಂದದ್ದೇ ಮಿಸ್, "ಬೇಸ್‌ಗೆ ಏನಾಯ್ತು?" ಎಂದು ಕೇಳಿದರು. ಅವರ ತುಟಿ ನೋಡಿಕೊಂಡೇ ಅಂಕಲ್, "ನಂದೇ ತಪ್ಪು ಮಿಸ್. ಮರ್ತೋಯ್ತು" ಎಂದರು. ನನಗೆ ದನಿ ಇರಲಿಲ್ಲ ಎನ್ನುವುದು ಆಗ ಚೆನ್ನಾಗಿ ಉಪಯೋಗಕ್ಕೆ ಬಂತು.

ಆಮೇಲೆ ಚರ್ಚಿನ ಹಿಂದಿನ ಬೆಂಚಿನ ಮೇಲೆ ಇಬ್ಬರೇ ಕೂತೆವು. "ಯಾಕೆ ಹಾಡ್ಲಿಲ್ಲ ತಂಬಿ?" ಎಂದರು. ಪಿಸುಮಾತಿನಲ್ಲಿ ಹೇಳಿದೆ. ಅವರು ಕೈಯನ್ನು ಕಿವಿಗೆ ಆನಿಸಿ ಬಾಗಿದರು. ಮತ್ತೆ ಹೇಳಿದೆ. ಇನ್ನೂ ಬಾಗಿದರು. ಕೊನೆಗೆ ಕಾರ್ಯಕ್ರಮದ ಹಾಳೆಯ ಹಿಂದೆ, "ದನಿ ಹೋಗಿತ್ತು. ಬರೀ ಬಾಯಿ ಆಡಿಸಿದೆ" ಎಂದು ಬರೆದು ತೋರಿಸಿದೆ. ಅವರು ಅದನ್ನು ಓದಿದರು, ಇನ್ನೊಮ್ಮೆ ಓದಿದರು. ಬಯ್ಯುತ್ತಾರೆ ಎಂದು ಕಾದೆ.

"ನಂಗೆ ಕಿವಿ ಹೋಗಿ ಮೂರು ವರ್ಷ ಆಯ್ತು" ಎಂದರು. "ನಿನ್ ಬೆನ್ನಿಂದ ಕೇಳ್ತಿದ್ದೆ."

ಅಷ್ಟೇ ಹೇಳಿದ್ದು. ನನ್ನ ಬೆನ್ನಿನಲ್ಲಿ ಸ್ವರ ನಡುಗಿದರೆ ಅದಕ್ಕೆ ತಮ್ಮ ದನಿಯನ್ನು ಸೇರಿಸುತ್ತಿದ್ದರು. ನಾನು ಉಸಿರೆಳೆದರೆ ಬೆನ್ನು ಉಬ್ಬುತ್ತಿತ್ತು. ಅದರಿಂದಲೇ ಅವರಿಗೆ ಸರದಿ ತಿಳಿಯುತ್ತಿತ್ತು. ಅವತ್ತು ಬೆನ್ನು ಸತ್ತಂತಿತ್ತು. ಸ್ವರ ಎಲ್ಲಿದೆ ಎಂದು ಗೊತ್ತಿಲ್ಲದೆ ಅವರು ಬಾಯಿ ತೆರೆಯಲು ಒಪ್ಪಲಿಲ್ಲ. ಬರೀ ಬಾಯಾಡಿಸುವ ಉಪಾಯ ಅವರಿಗೆ ಹೊಳೆಯಲೇ ಇಲ್ಲವೇನೋ. ನನಗೆ ಹೊಳೆದಿತ್ತು. ಕುರ್ಚಿಗೆ ಹೆದರಿ ಇಬ್ಬರೂ ಮುಚ್ಚಿಟ್ಟವರೇ. ಆದರೆ ಅವರು ಮುಚ್ಚಿಟ್ಟದ್ದು ಹಾಡುವುದಕ್ಕಾಗಿ, ನಾನು ಮುಚ್ಚಿಟ್ಟದ್ದು ಫೋಟೋದಲ್ಲಿ ಬರುವುದಕ್ಕಾಗಿ. ನನಗೆ ನಾಚಿಕೆಯಾಯಿತು. ಅದನ್ನು ಬರೆದು ತೋರಿಸಲು ಹಾಳೆಯಲ್ಲಿ ಜಾಗವಿತ್ತು; ನಾನೇ ಬರೆಯಲಿಲ್ಲ.

ಊರಿಗೆ ಮರಳಿದ ಮೊದಲ ಭಾನುವಾರ ಟ್ರಂಕ್ ಅಂಕಲ್ ಹಾಲಿಗೆ ಎಲ್ಲರಿಗಿಂತ ಮೊದಲು ಬಂದು, ಮಡಿಸಿಟ್ಟ ಕುರ್ಚಿಯನ್ನು ತಾವೇ ಬಿಡಿಸಿ ಕೂತಿದ್ದರು. ಕಿವಿಯ ವಿಷಯ ಮಿಸ್‌ಗೆ ತಾವೇ ಹೇಳಿದರಂತೆ. ನನ್ನ ವಿಷಯ ಹೇಳಿರಲಿಲ್ಲ. ನನ್ನ ದನಿ ಅಷ್ಟು ಹೊತ್ತಿಗೆ ಪೂರ್ತಿ ಸರಿಯಾಗಿತ್ತು. ಹೇಳಬಹುದಿತ್ತು. ನನ್ನ ಜಾಗದಲ್ಲಿ ನಿಂತು ಹಾಡಿದೆ, ಅವರು ಎದುರಿಗೆ ಕೂತು ನನ್ನ ಬಾಯಿ ನೋಡಿದರು. ಮೂರು ಭಾನುವಾರ ಹಾಗೆ ಬಂದರು. ನಾಲ್ಕನೆಯ ವಾರ ಕುರ್ಚಿ ಖಾಲಿ ಇತ್ತು.

ಎರಡು ತಿಂಗಳಾದ ಮೇಲೆ ಅಂಗಡಿಗೆ ಹೋದೆ. ಅವರು ಒಂದು ಕಪ್ಪು ಟ್ರಂಕಿಗೆ ಕೊಂಡಿ ಕೂರಿಸುತ್ತಿದ್ದರು. ಮುಖ ಅರಳಿತು. ಟೀ ತರಿಸಿದರು. ಕುಡಿದಾದ ಮೇಲೆ ನನ್ನ ಭುಜ ಹಿಡಿದು ರಸ್ತೆಯ ಕಡೆಗೆ ತಿರುಗಿಸಿ ನಿಲ್ಲಿಸಿದರು. ಗೆಣ್ಣುಗಳು ಬೆನ್ನಿಗೆ ಬಂದವು. "ಶುರು ಮಾಡು" ಎಂದರು.

ಸಂತೆಯಂಥ ರಸ್ತೆ. ಆಟೋಗಳು, ಬುರ್ಖಾ ತೊಟ್ಟ ಹೆಂಗಸರು, ಎದುರಿನ ಅಂಗಡಿಯವನು ನಮ್ಮನ್ನೇ ನೋಡುತ್ತಿದ್ದ. ಹಗಲು ಹೊತ್ತಿನಲ್ಲಿ ಟ್ರಂಕುಗಳ ಮಧ್ಯೆ ನಿಂತು "ಹೂಂ" ಎನ್ನಲು ನನಗೆ ಸಂಕೋಚ. ಆದರೂ ಅಂದೆ. ದೇವರಾಣೆ ಅಂದೆ. ಆದರೆ ನನಗಷ್ಟೇ ಕೇಳುವಷ್ಟು ಸಣ್ಣಗೆ ಅಂದೆ. ಅವರು ಕಾದರು. ಗೆಣ್ಣು ಒಮ್ಮೆ ಒತ್ತಿತು... ಆಮೇಲೆ ತೆಗೆದುಕೊಂಡರು.

"ಇನ್ನೂ ಬಾಯಾಡಿಸ್ತಾನೇ ಇದ್ದೀಯಲ್ಲ ತಂಬಿ" ಎಂದು ನಕ್ಕರು. ಸಿಟ್ಟಿರಲಿಲ್ಲ. ಇಲ್ಲ ಅಂಕಲ್, ಹಾಡಿದೆ ಎನ್ನಬೇಕೆಂದುಕೊಂಡೆ. ಹೇಳಿದರೂ ಅವರಿಗೆ ಕೇಳುತ್ತಿರಲಿಲ್ಲ. ಜೋರಾಗಿ ಇನ್ನೊಮ್ಮೆ ಹಾಡಿಬಿಟ್ಟಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು ಟ್ರಂಕಿನ ಮುಚ್ಚಳ ಎತ್ತಿದ. "ಇನ್ನೊಂದ್ಸಲ ಬರ್ತೀನಿ ಅಂಕಲ್" ಎಂದು ಕೈಸನ್ನೆ ಮಾಡಿ ಬಂದುಬಿಟ್ಟೆ.

ಇನ್ನೊಂದು ಸಲ ಹೋಗುವಷ್ಟರಲ್ಲಿ ವರ್ಷ ಕಳೆದಿತ್ತು. ಅಂಗಡಿಯಲ್ಲಿ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ಎದುರಿನ ಅಂಗಡಿಯವನೇ ಬಂದು, "ಅವ್ರು ಹೋಗ್ಬಿಟ್ರಲ್ಲ ಸಾರ್, ದೀಪಾವಳಿಗೆ ಮುಂಚೆನೇ" ಎಂದ. ನಮ್ಮ ಹಾಲಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಆ ವಾರವೇ ಮಿಸ್‌ಗೆ ಎಲ್ಲವನ್ನೂ ಹೇಳಿದೆ. ಅವರು ಕೀಬೋರ್ಡಿನ ಮೇಲಿನ ಬಟ್ಟೆ ಮಡಿಸುತ್ತಲೇ ಕೇಳಿಸಿಕೊಂಡರು. "ಇದನ್ನ ಅವತ್ತೇ ಹೇಳಿದ್ರೆ, ಅಲ್ಲಿ ಮಧ್ಯಾಹ್ನ ನೀವು ಕುರ್ಚೀಲಿ ಕೂತಿರ್ತಿದ್ರಿ. ಅವರು ಇನ್ನೊಬ್ಬರ ಹಿಂದೆ ನಿಂತು ಹಾಡಿರೋರು. ಅಷ್ಟೇ ಅಲ್ವೇನ್ರೀ?" ಎಂದರು.

ಗ್ರಂಥಿಗೆ ಅಂಗಡಿಯಿಂದ ಅತಿಮಧುರವನ್ನೂ ಕಟ್ಟಿಸಿಕೊಂಡು ಬಂದೆ. ಆ ಭಾನುವಾರ ಗಂಟಲು ಸರಿಯಿರಲಿಲ್ಲವಾದ್ದರಿಂದ ನಾನೇ ಹೋಗಿ ಕುರ್ಚಿಯಲ್ಲಿ ಕೂತೆ. ಮುಂದಿನ ವಾರ ದನಿ ಬಂತು, ಎದ್ದು ನನ್ನ ಜಾಗಕ್ಕೆ ಹೋದೆ. ಅದೇ ರಾಗಿ ಬೀಸುವ ಪದ. ಬೇಸಿಗೆ ಹೊಸಬರು ಯಾರೂ ಬಂದಿಲ್ಲ, ನಾವೀಗ ಮೂವರು. ಹಾಡು ಶುರುವಾದ ಸ್ವಲ್ಪ ಹೊತ್ತಿಗೆ ಮಿಸ್ ಅಂಗೈ ಕೆಳಗೆ ಮಾಡಿ, ಕಡಿಮೆ ಮಾಡಿ ಎಂದು ನನಗೆ ಸನ್ನೆ ಮಾಡಿದರು. ಪ್ರತಿ ವಾರವೂ ಮಾಡುತ್ತಾರೆ. ಸನ್ನೆ ನನಗೆ ಕಾಣುತ್ತದೆ. ಬೆನ್ನು ನಡುಗುವಷ್ಟು ಜೋರಾಗಿಯೇ ಹಾಡುತ್ತೇನೆ. ನನ್ನ ಹಿಂದೆ ಯಾರೂ ನಿಂತಿಲ್ಲ.